ಕಾಯಿಲ್ ಮೇಲಿನ ಕರಕಲು

ಇ-ಸಿಗರೇಟಿನ ಕಾಯಿಲ್, ಅಂದರೆ ದ್ರವ ಕಾಯಿಸುವ ತಂತಿಯ ಸುರುಳಿ, ಎಷ್ಟು ದಿನಕ್ಕೆ ಕಪ್ಪಾಗುತ್ತದೆ ಎನ್ನುವುದು ಅದಕ್ಕೆ ಸುರಿದ ದ್ರವದಲ್ಲಿ ಎಷ್ಟು ಸಿಹಿ ಇದೆ ಎನ್ನುವುದರ ಮೇಲೆ ನಿಂತಿದೆ. ಬಣ್ಣವಿಲ್ಲದ, ಸಿಹಿ ಬೆರೆಸದ ಪುದೀನ ಪರಿಮಳದ ದ್ರವವಾದರೆ ಎರಡು ವಾರ ಆರಾಮಾಗಿ ಬಾಳಿಕೆ ಬಂದೀತು. ಕಸ್ಟರ್ಡ್, ಕ್ಯಾರಮೆಲ್, ಚಾಕಲೇಟು ಎಂದು ಹೆಸರಿಟ್ಟುಕೊಂಡ ದ್ರವಗಳು ಕೆಲವೇ ದಿನಗಳಲ್ಲಿ ಅದನ್ನು ಮುಗಿಸುತ್ತವೆ. ದ್ರವ ತುಂಬುವ ಟ್ಯಾಂಕಿನ ಥ್ರೆಡ್ ತಿರುಗಿಸಿ ಬಿಚ್ಚಿದರೆ ಹೊಸದರಲ್ಲಿ ಮಿರಮಿರ ಮಿಂಚುತ್ತಿದ್ದ ತಂತಿಯ ಸುರುಳಿ ಈಗ ಕಾಣುವುದೇ ಇಲ್ಲ. ಅದರ ಸುತ್ತ ಕಂದು ಬಣ್ಣದ ಅಂಟು, ಅಂಟಿನ ಮೇಲೆ ಗರಿಗರಿ ಕಪ್ಪು ಪದರ. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಬ್ರಿಟನ್ನು, ಅಮೆರಿಕದ ಬಳಕೆದಾರರು ಇದನ್ನು ಗಂಕ್ ಅನ್ನುತ್ತಾರೆ. ನಾವು ಕರಕಲು ಅನ್ನೋಣ.

ಮೊದಲೇ ಒಂದು ಮಾತು. ಈ ಉಪಕರಣ ನಮ್ಮಲ್ಲಿ ನಿಷಿದ್ಧ. ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲೇ ಇದರ ಮಾರಾಟ ನಿಲ್ಲಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲಕ್ಕೂ ತಡೆ. ತಯಾರಿಕೆ, ಮಾರಾಟದಂಥದ್ದರಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ಇದನ್ನು ಕೊಳ್ಳುವ, ಬಳಸುವ ಕೈಪಿಡಿ ಎಂದು ಯಾರೂ ಓದಬೇಕಾಗಿಲ್ಲ. ಆದರೆ ನಮ್ಮ ಮಕ್ಕಳು ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದಾರೆ, ಲಂಡನ್ನಿನಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಇದು ಬೀದಿ ಮೂಲೆಯ ಅಂಗಡಿಯಲ್ಲಿ ಕಾನೂನುಬದ್ಧವಾಗಿ ಸಿಗುವ ಸರಕು. ಇದರಲ್ಲಿ ಏನಿದೆ, ಸೇದಿದಾಗ ಒಳಗೆ ಏನು ಹೋಗುತ್ತದೆ ಎಂದು ತಿಳಿಯಬೇಕೆಂದರೆ ಪೊಟ್ಟಣದ ಮೇಲಿನ ಚಿತ್ರ ನೋಡಿ ಪ್ರಯೋಜನವಿಲ್ಲ. ಇದನ್ನು ಬಿಚ್ಚಿ ತೊಳೆಯುವವರ ಕೈ ನೋಡಬೇಕು.

ಉಪಕರಣದ ಹೃದಯ ಅಟಮೈಜರ್. ಬ್ಯಾಟರಿಯ ತಲೆಯ ಮೇಲೆ ಕೂರುವ ಬೆರಳುಗಾತ್ರದ ಕೊಳವೆ. ಅದರೊಳಗೆ ಸೂಜಿಗಿಂತ ಸಣ್ಣ ತಂತಿಯನ್ನು ಐದಾರು ಸುತ್ತು ಸುತ್ತಿ ಮಾಡಿದ ಕಾಯಿಲ್. ಕಾಯಿಲ್ ನಡುವೆ ತೂರಿಸಿದ ಹತ್ತಿಯ ಬತ್ತಿ. ಬತ್ತಿಯ ಎರಡು ತುದಿಗಳೂ ದ್ರವದಲ್ಲಿ ಮುಳುಗಿರುತ್ತವೆ. ದೇವರ ಮುಂದಿನ ದೀಪದಲ್ಲಿ ಎಣ್ಣೆ ಏರುವ ಹಾಗೆಯೇ ಇಲ್ಲೂ ದ್ರವ ಬತ್ತಿಯಲ್ಲಿ ಏರಿ ತಂತಿಯನ್ನು ಮುಟ್ಟುತ್ತದೆ. ದೀಪದ ಬತ್ತಿಗೆ ಎಣ್ಣೆ ಸಾಲದೆ ಹೋದಾಗ ಏನಾಗುತ್ತದೆ ಎಂದು ಬಲ್ಲವರಿಗೆ ಅಟಮೈಜರಿನ ಅರ್ಧ ಸಮಸ್ಯೆ ಆಗಲೇ ಅರ್ಥವಾಯಿತು. ಗುಂಡಿ ಒತ್ತಿದಾಗ ತಂತಿ ಕಾದು ದ್ರವ ಆವಿಯಾಗುತ್ತದೆ. ದಮ್ಮು ಎಳೆದರೆ ಆ ಆವಿ ತಣ್ಣಗಾಗಿ ಸಣ್ಣ ಸಣ್ಣ ಹನಿಗಳ ಮಂಜಾಗಿ ಬಾಯಿಗೆ ಬರುತ್ತದೆ. ಹೊಗೆಯ ಹಾಗೆ ಕಂಡರೂ ಅದು ಹೊಗೆಯಲ್ಲ. ಏನೂ ಉರಿದಿರುವುದಿಲ್ಲ, ಅಥವಾ ಉರಿಯಬಾರದು.

ಈ ‘ಬಾರದು’ ಅನ್ನುವುದರಲ್ಲೇ ತೊಳೆಯುವ ಕೆಲಸವೆಲ್ಲ ಅಡಗಿದೆ.

ತಂತಿಯ ಕಥೆ ಇ-ಸಿಗರೇಟಿಗಿಂತ ನೂರು ವರ್ಷ ಹಳೆಯದು. ಆಲ್ಬರ್ಟ್ ಮಾರ್ಷ್ ಎಂಬ ಅಮೆರಿಕದ ಲೋಹತಜ್ಞ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ಮಿಶ್ರಲೋಹಕ್ಕೆ 1906ರಲ್ಲಿ ಪೇಟೆಂಟ್ ಪಡೆದ. ಕೆಂಪಗೆ ಕಾದರೂ ತುಂಡಾಗದ, ಗಾಳಿಯಲ್ಲಿ ತುಕ್ಕು ಹಿಡಿದು ಉದುರದ ಆ ನೈಕ್ರೋಮ್ ತಂತಿಯಿಂದಲೇ ಬ್ರೆಡ್ ಟೋಸ್ಟರು, ಇಸ್ತ್ರಿಪೆಟ್ಟಿಗೆ, ಕರೆಂಟ್ ಒಲೆ ಎಲ್ಲ ಸಾಧ್ಯವಾದವು. ಎರಡು ದಶಕದ ನಂತರ ಸ್ವೀಡನ್ನಿನ ಹಾಲ್‌ಸ್ಟಾಹಮ್ಮಾರ್‌ನಲ್ಲಿ ಹಾನ್ಸ್ ಫಾನ್ ಕಾಂಟ್ಸೋ ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಬೆರೆಸಿ ಇನ್ನೊಂದು ತಂತಿ ಮಾಡಿದ. ತನ್ನ ಹೆಸರಿನ ತುಂಡನ್ನೇ ಅದಕ್ಕೆ ಇಟ್ಟ: ಕಾಂಥಾಲ್. ಕುಲುಮೆಗಳಲ್ಲಿ 1400 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವ ತಂತಿ ಅದು. ಇವೆರಡೂ ಗಾಳಿ ಕಾಯಿಸಲು, ಹಂಚು ಕಾಯಿಸಲು ಹುಟ್ಟಿದವು. ಸಿಹಿ ದ್ರವದಲ್ಲಿ ನೆನೆಯುತ್ತ, ದಿನಕ್ಕೆ ನೂರಾರು ಸಲ ಕಾದು ಆರಿ, ಅಲ್ಲಿಂದ ಏಳುವ ಆವಿ ನೇರ ಶ್ವಾಸಕೋಶಕ್ಕೆ ಹೋಗಲಿ ಎಂದು ಮಾಡಿದವರು ಊಹಿಸಿಯೂ ಇರಲಿಲ್ಲ.

ಉರಿಯದ ಸಿಗರೇಟಿನ ಕನಸು ಕಂಡ ಮೊದಲಿಗರಲ್ಲೊಬ್ಬ ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್ ಊರಿನ ಹರ್ಬರ್ಟ್ ಗಿಲ್ಬರ್ಟ್. ಗುಜರಿ ವ್ಯಾಪಾರಿ. 1963ರಲ್ಲಿ ಅರ್ಜಿ ಹಾಕಿ 1965ರಲ್ಲಿ ಪೇಟೆಂಟ್ ಪಡೆದ. ಅವನ ಯಂತ್ರದಲ್ಲಿ ನಿಕೋಟಿನ್ ಇರಲಿಲ್ಲ. ಪರಿಮಳ ಬೆರೆತ ಬೆಚ್ಚನೆಯ ತೇವದ ಗಾಳಿ ಅಷ್ಟೆ. ಯಾವ ಕಂಪನಿಯೂ ಅದನ್ನು ಮಾರುಕಟ್ಟೆಗೆ ತರಲಿಲ್ಲ. ಇಂದಿನ ಉಪಕರಣದ ಅಪ್ಪ ಎನ್ನಿಸಿಕೊಂಡವನು ಚೀನಾದ ಶೆನ್‌ಯಾಂಗ್ ನಗರದ ಔಷಧತಜ್ಞ ಹೊನ್ ಲಿಕ್. ಸ್ವತಃ ಭಾರಿ ಸಿಗರೇಟುದಾರ, ತಂದೆಯೂ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತರು. 2003ರಲ್ಲಿ ಅವನು ರೂಪಿಸಿದ ಮೊದಲ ಮಾದರಿ ತಂತಿಯನ್ನು ನೆಚ್ಚಿರಲಿಲ್ಲ. ಶ್ರವಣಾತೀತ ಕಂಪನದ ಬಿಲ್ಲೆಯಿಂದ ದ್ರವವನ್ನು ಹನಿಯಾಗಿ ಚಿಮ್ಮಿಸುತ್ತಿತ್ತು. ಮುಂದೆ ಬಂದ ಕಂಪನಿಗಳು ಆ ದುಬಾರಿ ಬಿಲ್ಲೆಯನ್ನು ಬದಿಗಿಟ್ಟು ಅಗ್ಗದ ತಂತಿಗೆ ಮೊರೆಹೋದವು. ತಂತಿ ಬಂದದ್ದರಿಂದ ಕರಕಲೂ ಬಂತು. 2013ರಲ್ಲಿ ಹೊನ್ ಲಿಕ್‌ನ ಪೇಟೆಂಟುಗಳನ್ನು ಇಂಪೀರಿಯಲ್ ಟೊಬ್ಯಾಕೋ 7.5 ಕೋಟಿ ಡಾಲರಿಗೆ ಕೊಂಡಿತು. ಸಿಗರೇಟು ಬಿಡಿಸಲೆಂದು ಹುಟ್ಟಿದ ಯಂತ್ರ ಸಿಗರೇಟಿನ ಕಂಪನಿಯ ಮನೆ ಸೇರಿದ ಬಗೆ ಅದು.

2008ರಿಂದ 2011ರವರೆಗಿನ ಕಾಲ ತೊಳೆಯುವವರ ಸುವರ್ಣಯುಗ. ಸುವರ್ಣ ಎಂದದ್ದು ವ್ಯಂಗ್ಯವಾಗಿಯೇ. ಆಗಿನ ಅಟಮೈಜರು ಅಂಗುಲದಷ್ಟು ಉದ್ದದ ಲೋಹದ ಕೊಳವೆ. ಒಳಗೆ ಚೀನೀಮಣ್ಣಿನ ಪುಟ್ಟ ಬಟ್ಟಲು, ಅದರಲ್ಲಿ ಕಾಯಿಲ್, ಅದರ ಮೇಲೆ ಸೇತುವೆಯಂತೆ ಬಾಗಿಸಿದ ಲೋಹದ ಜಾಳಿಗೆ. ಬಿಚ್ಚಲು ಬಾರದು. ಒಳಗೆ ಕರಕಲು ಕಟ್ಟಿತೆಂದರೆ ಆವಿ ಕಡಿಮೆ, ಬಾಯಲ್ಲಿ ಸುಟ್ಟ ರುಚಿ. ಹೊಸದು ಕೊಳ್ಳೋಣವೆಂದರೆ ಚೀನಾದಿಂದ ಅಂಚೆಯಲ್ಲಿ ಬರಲು ವಾರಗಟ್ಟಲೆ ಬೇಕು. ಹಾಗಾಗಿ ಇದ್ದದ್ದನ್ನೇ ಉಳಿಸಿಕೊಳ್ಳಲು ಜನ ಮಾಡದ ಪ್ರಯೋಗವಿಲ್ಲ. ಕುದಿಯುವ ನೀರಿನಲ್ಲಿ ಹಾಕಿದರು. ರಾತ್ರಿಯಿಡೀ ವೋಡ್ಕಾದಲ್ಲಿ ನೆನೆಸಿದರು. ಅಡುಗೆ ಸೋಡಾ, ವಿನೆಗರ್, ಕೊನೆಗೆ ಅಜ್ಜಂದಿರ ಹಲ್ಲುಸೆಟ್ಟು ತೊಳೆಯುವ ಗುಳಿಗೆಯನ್ನೂ ಬಿಡಲಿಲ್ಲ. ನೀರಿಗೆ ಹಾಕಿದೊಡನೆ ಬುಸುಗುಟ್ಟುವ ಆ ಗುಳಿಗೆಯ ನೊರೆ ಜಾಳಿಗೆಯ ಸಂದಿಗೆ ನುಗ್ಗುತ್ತದೆ ಎಂಬ ನಂಬಿಕೆ. ಕೆಲವರು ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರವನ್ನೇ ಮನೆಗೆ ತಂದರು. ತೊಳೆದ ಮೇಲೆ ಕೊಳವೆಯ ಒಂದು ತುದಿಗೆ ಬಾಯಿಟ್ಟು ಜೋರಾಗಿ ಊದಿ ನೀರು ಹೊರಹಾಕುವುದು, ಒಂದೆರಡು ದಿನ ಒಣಗಲು ಬಿಡುವುದು. ಒಣಗುವ ತನಕ ಏನು ಮಾಡುವುದು? ಅದಕ್ಕೇ ಎಲ್ಲರ ಬಳಿಯೂ ಸರದಿಯ ಮೇಲೆ ಬಳಸಲು ನಾಲ್ಕಾರು ಅಟಮೈಜರುಗಳಿರುತ್ತಿದ್ದವು. ಜಾಯ್‌ಟೆಕ್ ಕಂಪನಿಯ 510 ಎಂಬ ಮಾದರಿಯ ಥ್ರೆಡ್ ಆಗಲೇ ಬಂದದ್ದು. ಬೇರೆ ಬೇರೆ ಕಂಪನಿಗಳ ಬ್ಯಾಟರಿ, ಅಟಮೈಜರು ಒಂದಕ್ಕೊಂದು ಕೂರುವಂತೆ ಮಾಡಿದ ಆ ಥ್ರೆಡ್ ಇಂದಿಗೂ ಚಾಲ್ತಿಯಲ್ಲಿದೆ.

ಇಷ್ಟಕ್ಕೂ ಆ ಕರಕಲು ಏನು? ದ್ರವದಲ್ಲಿರುವುದು ಮುಖ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್, ಜೊತೆಗೆ ನಿಕೋಟಿನ್, ಪರಿಮಳ, ಬಹಳ ಸಲ ಸಿಹಿ. ಮೊದಲನೆಯದು 188 ಡಿಗ್ರಿಗೆ, ಗ್ಲಿಸರಿನ್ 290 ಡಿಗ್ರಿಗೆ ಕುದಿಯುತ್ತದೆ. ಬತ್ತಿ ಒದ್ದೆಯಾಗಿರುವ ತನಕ ತಂತಿಯ ಬಿಸಿಯನ್ನು ಕುದಿಯುವ ದ್ರವವೇ ಹೀರಿಕೊಳ್ಳುವುದರಿಂದ ಉಷ್ಣತೆ ಈ ಎರಡು ಅಂಕಿಗಳ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಎಲ್ಲವೂ ಆವಿಯಾಗುವುದಿಲ್ಲ. ಗ್ಲಿಸರಿನ್ನಿನ ಒಂದಿಷ್ಟು ಕಣಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪ ಅಂಟಾಗುತ್ತವೆ. ಸಿಹಿಗೆಂದು ಬೆರೆಸಿದ ಸುಕ್ರಲೋಸ್ ಆವಿಯಾಗುವ ಜಾತಿಯೇ ಅಲ್ಲ. ತಂತಿಯ ಮೇಲೆಯೇ ಒಡೆಯುತ್ತದೆ, ಒಡೆಯುವಾಗ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಆ ಆಮ್ಲ ಸುತ್ತಲಿನ ಗ್ಲಿಸರಿನ್, ಗ್ಲೈಕಾಲ್‌ಗಳನ್ನೂ ಒಡೆಯಲು ಹುರಿದುಂಬಿಸುತ್ತದೆ ಎಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು 2019ರಲ್ಲಿ ತೋರಿಸಿದರು. ಚಹಾಕ್ಕೆ ಹಾಕಿಕೊಂಡರೆ ಸುಮ್ಮನಿರುವ ವಸ್ತು ಕಾದ ತಂತಿಯ ಮೇಲೆ ಬೇರೆಯೇ ಆಗುತ್ತದೆ. ತಿನ್ನಲು ಯೋಗ್ಯ ಎಂಬ ಸರ್ಟಿಫಿಕೇಟು ಸೇದಲು ಯೋಗ್ಯ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ ಎಂಬ ಸರಳ ಸಂಗತಿಯನ್ನು ಈ ಉದ್ಯಮ ಬಹುಕಾಲ ಮರೆಮಾಚಿತು.

ಕರಕಲು ಕಟ್ಟಿದ ಮೇಲೆ ತಂತಿಗೂ ದ್ರವಕ್ಕೂ ನಡುವೆ ಗೋಡೆ ಬಂದ ಹಾಗೆ. ದ್ರವ ತಲುಪದ ಕಡೆ ಬಿಸಿ ಏರುತ್ತದೆ, ಏರಿದಲ್ಲಿ ಕರಕಲು ಹೆಚ್ಚುತ್ತದೆ, ಕರಕಲೇ ಮತ್ತೆ ಕಾದು ಒಡೆಯುತ್ತದೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು 2016ರಲ್ಲಿ ಇದನ್ನು ಅಳೆದರು. ಒಂದೇ ಉಪಕರಣವನ್ನು ತೊಳೆಯದೆ ಮತ್ತೆ ಮತ್ತೆ ಬಳಸಿದಾಗ ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಆಕ್ರೋಲಿನ್‌ನಂಥ ಕಿರಿಕಿರಿ ವಿಷಗಳು ಸುಮಾರು ಶೇ 60ರಷ್ಟು ಏರಿದ್ದು ಕಂಡಿತು. ಆಕ್ರೋಲಿನ್ ನಮಗೆ ಅಪರಿಚಿತವೇನಲ್ಲ. ಬಾಣಲೆಯಲ್ಲಿ ಎಣ್ಣೆ ಅತಿಯಾಗಿ ಕಾದಾಗ ಕಣ್ಣು ಉರಿಸುವ ಘಾಟು ಅದೇ. ಬಾಯಲ್ಲಿ ಸುಟ್ಟ ರುಚಿ ಬಂದ ಕೂಡಲೇ ಬಳಕೆದಾರ ಯಂತ್ರವನ್ನು ಕೆಳಗಿಡುತ್ತಾನೆ, ಆದ್ದರಿಂದ ಪ್ರಯೋಗಾಲಯದ ಭಯಾನಕ ಅಂಕಿಗಳು ನಿಜಜೀವನಕ್ಕೆ ಹೊಂದುವುದಿಲ್ಲ ಎಂದು ಗ್ರೀಸಿನ ಹೃದ್ರೋಗತಜ್ಞ ಕಾನ್‌ಸ್ಟಾಂಟಿನೋಸ್ ಫರ್ಸಲಿನೋಸ್ ವಾದಿಸಿದರು. ಬತ್ತಿ ಒಣಗಿ ಎಳೆದ ದಮ್ಮಿನ ಮಟ್ಟಿಗೆ ಆ ವಾದ ಸರಿ. ಕರಕಲು ಹಾಗಲ್ಲ, ದಿನ ದಿನ ಸ್ವಲ್ಪ ಸ್ವಲ್ಪ ಏರುತ್ತದೆ. ನಾಲಿಗೆಯೂ ಅಷ್ಟಷ್ಟೇ ಒಗ್ಗಿಕೊಳ್ಳುತ್ತದೆ.

ಈಗ ತೊಳೆಯುವ ಕ್ರಮಕ್ಕೆ ಬರೋಣ. ಬ್ರಿಟನ್ನಿನ ಅನುಭವಿ ಬಳಕೆದಾರ ತನ್ನ ಬಿಚ್ಚಿ ಕಟ್ಟುವ ಟ್ಯಾಂಕನ್ನು ಸಿಂಕಿನ ಪಕ್ಕ ಹರಡಿಕೊಂಡು ಕೂತಿದ್ದಾನೆ ಎಂದುಕೊಳ್ಳಿ. ಮೊದಲ ಕೆಲಸ ಬ್ಯಾಟರಿಯನ್ನು ದೂರವಿಡುವುದು. ಲೀಥಿಯಂ ಬ್ಯಾಟರಿಗೂ ನೀರಿಗೂ ಆಗಿಬರದು. ಉಳಿದ ದ್ರವವನ್ನು ಚೆಲ್ಲಿ, ಗಾಜಿನ ಕೊಳವೆ, ಮೂತಿ, ಗಾಳಿಯುಂಗುರ, ತಳ ಎಲ್ಲವನ್ನೂ ಬಿಡಿ ಬಿಡಿ ಮಾಡುತ್ತಾನೆ. ಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು. ಗ್ಲಿಸರಿನ್, ಗ್ಲೈಕಾಲ್ ಎರಡೂ ನೀರಿನಲ್ಲಿ ಕರಗುವುದರಿಂದ ಇಷ್ಟೇ ಸಾಕು. ವೋಡ್ಕಾ, ಸ್ಪಿರಿಟು ಬೇಕಾಗುವುದು ಹಳೆಯ ಪರಿಮಳ ಬಿಡದೆ ಕಾಡುವಾಗ ಮಾತ್ರ. ಹಾಗೆ ಬಳಸಿದರೂ ಆಮೇಲೆ ಚೆನ್ನಾಗಿ ತೊಳೆದು, ಪೂರಾ ಒಣಗುವ ತನಕ ಬೆಂಕಿ, ಬ್ಯಾಟರಿ ಹತ್ತಿರ ಸುಳಿಯಬಾರದು. ಬ್ಲೀಚು ಯಾವ ಕಾರಣಕ್ಕೂ ಬೇಡ.

ಹೊಸ ಟ್ಯಾಂಕನ್ನೂ ಮೊದಲು ತೊಳೆಯಬೇಕು ಎಂದು ಬಹಳ ಜನಕ್ಕೆ ಗೊತ್ತಿಲ್ಲ. ಕಾರ್ಖಾನೆಯ ಲೇತಿನಲ್ಲಿ ಥ್ರೆಡ್ ಕಡಿಯುವಾಗ ಬಳಸಿದ ಎಣ್ಣೆ ಸಂದಿಗಳಲ್ಲಿ ಉಳಿದಿರುತ್ತದೆ. ಬಿಳಿ ಟಿಶ್ಯೂ ಕಾಗದದಿಂದ ಥ್ರೆಡ್ ಒರೆಸಿದರೆ ಬೂದು ಬಣ್ಣದ ಗೆರೆ ಮೂಡುತ್ತದೆ. ದುಬಾರಿ ಟ್ಯಾಂಕುಗಳೂ ಇದಕ್ಕೆ ಹೊರತಲ್ಲ.

ಸಿಲಿಕೋನಿನ ಸಣ್ಣ ಸಣ್ಣ ಓ-ರಿಂಗುಗಳದ್ದು ಬೇರೆಯೇ ಕಥೆ. ಸೋರಿಕೆಯ ದೂರುಗಳ ಬೇರು ಹೆಚ್ಚಾಗಿ ಇಲ್ಲೇ. ಹಿಗ್ಗಿ ಸಡಿಲಾದ, ಕತ್ತರಿಸಿದ, ಪರಿಮಳ ಹೀರಿಕೊಂಡ ರಿಂಗನ್ನು ಬದಲಿಸಬೇಕು. ಒಣ ರಿಂಗನ್ನು ಹಾಗೆಯೇ ತುರುಕಿದರೆ ಹರಿಯುತ್ತದೆ, ಅದಕ್ಕೇ ಜಾಣರು ಒಂದು ಹನಿ ಗ್ಲಿಸರಿನ್ ಸವರಿ ಕೂರಿಸುತ್ತಾರೆ. ಕೆಳಗಿನ ತಾಮ್ರದ ಪಿನ್ನಿನ ಸುತ್ತ ದ್ರವ ಇಳಿದು ಪಾಚಿಗಟ್ಟಿದಂತೆ ಹಸಿರು ಬಣ್ಣ ಕಂಡರೆ ಅದನ್ನೂ ಒರೆಸಬೇಕು. ಕರೆಂಟು ಸರಿಯಾಗಿ ಹರಿಯುವುದಕ್ಕೆ ಆ ಪಿನ್ನೇ ದಾರಿ. ಪ್ಲಾಸ್ಟಿಕ್ ಟ್ಯಾಂಕಾಗಿದ್ದರೆ ದಾಲ್ಚಿನ್ನಿ, ನಿಂಬೆ, ಕಿತ್ತಳೆ ಪರಿಮಳದ ದ್ರವ ಹಾಕಲೇಬಾರದು. ಒಂದೇ ರಾತ್ರಿಗೆ ಜೇಡರ ಬಲೆಯಂಥ ಬಿರುಕು ಬಿಟ್ಟ ಟ್ಯಾಂಕುಗಳ ಉದಾಹರಣೆ ಬೇಕಷ್ಟಿವೆ. ಪಾಲಿಕಾರ್ಬೊನೇಟನ್ನು ಸೀಳುವ ಎಣ್ಣೆಯನ್ನು ಎದೆಗೆ ಎಳೆದುಕೊಳ್ಳಬೇಕೇ ಎಂಬ ಪ್ರಶ್ನೆ ಎಷ್ಟೋ ಮಂದಿಗೆ ಹೊಳೆದದ್ದು ಆ ಬಿರುಕು ನೋಡಿದ ಮೇಲೆಯೇ.

ಕಾಯಿಲ್ ತೊಳೆಯುವುದರಲ್ಲಿ ಎರಡು ಪಂಥ. ಅಂಗಡಿಯಲ್ಲಿ ಸಿಗುವ ಸಿದ್ಧ ಕಾಯಿಲ್ ಆದರೆ ಅದರೊಳಗಿನ ಹತ್ತಿ ಸುಟ್ಟಿದ್ದಾದ ಮೇಲೆ ತೊಳೆದು ಲಾಭವಿಲ್ಲ. ನೀರಿನಲ್ಲಿ ನೆನೆಸಿದರೆ ಹೊರಗಿನ ಅಂಟು ಕರಗೀತು, ಸುಟ್ಟ ಹತ್ತಿ ಮತ್ತೆ ಬಿಳಿಯಾಗದು. ಬದಲಿಸುವುದೊಂದೇ ದಾರಿ, ಒಂದೆರಡು ವಾರಕ್ಕೊಮ್ಮೆ. ಹೊಸತನ್ನು ಹಾಕಿದ ಕೂಡಲೇ ಗುಂಡಿ ಒತ್ತುವುದೇ ಹೊಸಬರು ಮಾಡುವ ದೊಡ್ಡ ಅವಾಂತರ. ನಾಲ್ಕು ಹನಿ ದ್ರವವನ್ನು ಹತ್ತಿಗೆ ಬಿಟ್ಟು, ಟ್ಯಾಂಕು ತುಂಬಿ, ಹತ್ತು ನಿಮಿಷ ಸುಮ್ಮನಿಡಬೇಕು. ಇಲ್ಲವಾದರೆ ಒಣ ಹತ್ತಿ ಮೊದಲ ದಮ್ಮಿಗೇ ಕರಟಿಹೋಗಿ ಹೊಸ ಕಾಯಿಲ್ ಕಸದಬುಟ್ಟಿ ಸೇರುತ್ತದೆ.

ತಾವೇ ತಂತಿ ಸುತ್ತಿಕೊಳ್ಳುವವರದು ಇನ್ನೊಂದು ಪಂಥ. ಇವರ ಪೆಟ್ಟಿಗೆಯಲ್ಲಿ ತಂತಿಯ ಉಂಡೆ, ಜಪಾನಿನ ಹತ್ತಿಯ ಹಾಳೆ, ಸಣ್ಣ ಸ್ಕ್ರೂಡ್ರೈವರು, ಕಟಿಂಗ್ ಪ್ಲೈಯರು, ರೆಸಿಸ್ಟೆನ್ಸ್ ಅಳೆಯುವ ಮೀಟರು ಇರುತ್ತವೆ. ಕಾದ ಕಾಯಿಲ್ ಹಿಂಡಲು ಸೆರಾಮಿಕ್ ಚಿಮ್ಮಟ. ಲೋಹದ ಚಿಮ್ಮಟದಲ್ಲಿ ಮುಟ್ಟಿದರೆ ಶಾರ್ಟ್ ಆಗುತ್ತದೆ. ಓಮ್‌ನ ನಿಯಮವನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮರೆತವರು ಇಲ್ಲಿ ಬೆರಳ ತುದಿಯಲ್ಲಿ ಲೆಕ್ಕ ಹಾಕುತ್ತಾರೆ: 4.2 ವೋಲ್ಟಿನ ತುಂಬಿದ ಬ್ಯಾಟರಿ, 0.5 ಓಮ್ ಕಾಯಿಲ್, ಹರಿಯುವುದು 8.4 ಆಂಪಿಯರ್, ಅಂದರೆ 35 ವಾಟ್ ಶಕ್ತಿ. ಕಾಯಿಲ್ ಇನ್ನೂ ಕಡಿಮೆ ಓಮಿನದಾದರೆ ಬ್ಯಾಟರಿ ತಾಳುವ ಮಿತಿ ದಾಟಿಬಿಡುತ್ತದೆ. ತೊಳೆದು ಮತ್ತೆ ಜೋಡಿಸುವಾಗ ತಂತಿಯ ಕಾಲು ಸ್ಕ್ರೂ ಕೆಳಗಿನಿಂದ ಜಾರಿ ಕೊಳವೆಯ ಗೋಡೆಗೆ ತಗುಲಿದರೂ ಅದೇ ಅಪಾಯ. ಮೀಟರಿನ ಅಂಕಿ ನೋಡದೆ ಗುಂಡಿ ಒತ್ತಬಾರದು ಎಂಬುದು ಇವರ ಮೊದಲ ಪಾಠ.

ಇವರು ಕರಕಲನ್ನು ತೆಗೆಯುವ ವಿಧಾನಕ್ಕೆ ಡ್ರೈ ಬರ್ನ್ ಎಂದು ಹೆಸರು. ಹಳೆಯ ಹತ್ತಿಯನ್ನು ಕಿತ್ತು, ಬರಿಯ ಕಾಯಿಲ್‌ಗೆ ಬಿಟ್ಟು ಬಿಟ್ಟು ಕರೆಂಟು ಕೊಡುವುದು. ತಂತಿ ನಡುವಿನಿಂದ ಹೊರಕ್ಕೆ ಕೆಂಪಾಗುತ್ತ ಬರುತ್ತದೆ. ಕರಕಲು ಹೊಗೆಯಾಡಿ ಬೂದಿಯಾಗುತ್ತದೆ. ಎಲ್ಲಾದರೂ ಒಂದೆಡೆ ಮಾತ್ರ ಅತಿ ಕೆಂಪಾದರೆ ಸುತ್ತುಗಳ ಮೇಲೆ ಚಿಮ್ಮಟವನ್ನು ತಂಬೂರಿ ಮೀಟಿದಂತೆ ಮೆಲ್ಲಗೆ ಎಳೆದು ಸರಿಪಡಿಸುತ್ತಾರೆ. ಆಮೇಲೆ ನಲ್ಲಿಯ ನೀರಿಗೆ ಹಿಡಿದು, ಹಲ್ಲಿನ ಸಂದಿ ತೊಳೆಯುವ ಸಣ್ಣ ಬ್ರಷ್ಷಿನಿಂದ ಉಜ್ಜಿ, ಹೊಸ ಹತ್ತಿ ತೂರಿಸಿದರೆ ಮುಗಿಯಿತು. ನೋಡಲು ಚಂದ, ಮಾಡಲು ಸುಲಭ, ಖರ್ಚಿಲ್ಲ. ನಿಕ್ಕಲ್ ಮತ್ತು ಟೈಟೇನಿಯಂ ತಂತಿಯನ್ನು ಮಾತ್ರ ಹೀಗೆ ಸುಡಬಾರದು ಎಂಬ ಎಚ್ಚರಿಕೆ ಮೊದಲಿನಿಂದಲೂ ಇತ್ತು.

2015ರಲ್ಲಿ ಫರ್ಸಲಿನೋಸ್ ಉಳಿದ ತಂತಿಗಳಿಗೂ ಬೇಡ ಅಂದುಬಿಟ್ಟರು. ಕೆಂಪಗೆ ಕಾಯಿಸಿದಾಗ ಲೋಹದ ರಚನೆ ಬದಲಾಗಿ ಕಣಗಳು ಆವಿಗೆ ಸೇರಬಹುದು ಎಂಬುದು ಅವರ ಆತಂಕ. ಇ-ಸಿಗರೇಟಿನ ಪರವಾಗಿ ಪ್ರಬಂಧ ಬರೆಯುತ್ತಿದ್ದವರ ಬಾಯಿಂದಲೇ ಇಂಥ ಮಾತು ಬಂದದ್ದಕ್ಕೆ ಬಳಕೆದಾರರು ಕೆರಳಿದರು. ಕಾಂಥಾಲ್ ಹುಟ್ಟಿರುವುದೇ ಕೆಂಪಗೆ ಕಾಯಲು, ಅದರ ಮೇಲೆ ಅಲ್ಯುಮಿನಿಯಂ ಆಕ್ಸೈಡಿನ ಕಾಪಾಡುವ ಪದರ ಇರುತ್ತದೆ ಎಂದು ತಿರುಗುತ್ತರ ಕೊಟ್ಟರು. ಕುಲುಮೆಯ ತಂತಿ ಯಾರ ಶ್ವಾಸಕೋಶಕ್ಕೂ ಆವಿ ಕಳಿಸುವುದಿಲ್ಲ ಎಂಬ ಸಣ್ಣ ವ್ಯತ್ಯಾಸ ಆ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ.

ಲೋಹದ ಪ್ರಶ್ನೆ ಆಗಲೇ ಎದ್ದಿತ್ತು. ರಿವರ್‌ಸೈಡಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2013ರಲ್ಲೇ ಆವಿಯಲ್ಲಿ ತವರ, ನಿಕ್ಕಲ್, ಬೆಳ್ಳಿ, ಮರಳಿನ ಅಂಶದ ಅತಿಸೂಕ್ಷ್ಮ ಕಣಗಳನ್ನು ಕಂಡಿದ್ದರು. ತವರ ಬಂದದ್ದು ಬೆಸುಗೆಯಿಂದ. ಇನ್ನೂ ಕುತೂಹಲದ್ದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರ 2018ರ ಅಧ್ಯಯನ. ಬಾಲ್ಟಿಮೋರ್ ಸುತ್ತಲಿನ 56 ಬಳಕೆದಾರರು ತಮ್ಮದೇ ಯಂತ್ರ ತಂದರು. ಸಂಶೋಧಕರು ಬಾಟಲಿಯಲ್ಲಿದ್ದ ದ್ರವ, ಕಾಯಿಲ್‌ನಿಂದ ಎದ್ದ ಆವಿ, ಟ್ಯಾಂಕಿನಲ್ಲಿ ಉಳಿದ ದ್ರವ ಮೂರನ್ನೂ ಪರೀಕ್ಷಿಸಿದರು. ಬಾಟಲಿಯಲ್ಲಿ ಇದ್ದೂ ಇಲ್ಲದಂತಿದ್ದ ಸೀಸ ಆವಿಯಲ್ಲಿ 25 ಪಟ್ಟಿಗೂ ಹೆಚ್ಚು. ಕ್ರೋಮಿಯಂ, ನಿಕ್ಕಲ್ ಕೂಡ ಏರಿದ್ದವು. ಅಂದರೆ ಲೋಹ ದ್ರವದ ಜೊತೆ ಬಂದದ್ದಲ್ಲ, ಕಾಯಿಲ್ ಮುಟ್ಟಿದ ಮೇಲೆ ಸೇರಿದ್ದು. ಅದರಲ್ಲೂ ಕಾಯಿಲನ್ನು ಪದೇ ಪದೇ ಬದಲಿಸುವವರ ಆವಿಯಲ್ಲಿ ಲೋಹ ಹೆಚ್ಚಿರುವ ಒಲವು ಕಂಡಿತು. ಹೊಸ ತಂತಿ ಬೇಗ ಲೋಹ ಬಿಡುತ್ತದೆ ಎಂದು ಅವರ ಊಹೆ.

ಬರ್ಕ್ಲಿಯದನ್ನೂ ಬಾಲ್ಟಿಮೋರಿನದನ್ನೂ ಜೊತೆಗಿಟ್ಟು ಓದಿದರೆ ತೊಳೆಯುವವನ ಪಾಡು ತಿಳಿಯುತ್ತದೆ. ಹಳೆಯ ಕಾಯಿಲ್ ಇಟ್ಟುಕೊಂಡರೆ ಕರಕಲಿನ ವಿಷ, ಹೊಸದು ಹಾಕಿದರೆ ಲೋಹ. ಶುಭ್ರ ಕಾಯಿಲ್ ಎಂಬುದು ಕರಕಲು ಕಾಯಿಲ್‌ಗಿಂತ ಮೇಲು, ಅಷ್ಟೇ. ಅದನ್ನು ಶುದ್ಧ ಗಾಳಿ ಎಂದು ಬಗೆಯುವಂತಿಲ್ಲ. ಹಾಗೆಂದು ಎರಡೂ ಸಿಗರೇಟಿನಷ್ಟೇ ಕೆಡುಕು ಎನ್ನುವುದೂ ತಪ್ಪು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಪೀಟರ್ ಹಾಯೆಕ್ ತಂಡ 886 ಸಿಗರೇಟುದಾರರ ಮೇಲೆ ಪ್ರಯೋಗ ನಡೆಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ನಿಕೋಟಿನ್ ಪಟ್ಟಿ, ಚ್ಯೂಯಿಂಗ್ ಗಮ್ ಬಳಸಿದವರಲ್ಲಿ ವರ್ಷದ ಕೊನೆಗೆ ಸಿಗರೇಟು ಬಿಟ್ಟವರು ಶೇ 9.9, ಇ-ಸಿಗರೇಟು ಬಳಸಿದವರಲ್ಲಿ ಶೇ 18. ಅವರಿಗೆ ಕೊಟ್ಟದ್ದು ದ್ರವ ತುಂಬಿಸಿಕೊಳ್ಳುವ, ಕಾಯಿಲ್ ಬದಲಿಸುವ ಮಾದರಿ. ಆದರೆ ಹೀಗೆ ಬಿಟ್ಟವರಲ್ಲಿ ಶೇ 80ರಷ್ಟು ಜನ ವರ್ಷದ ನಂತರವೂ ಇ-ಸಿಗರೇಟನ್ನು ಬಿಟ್ಟಿರಲಿಲ್ಲ. ಒಂದು ಅಂಕಿಯಲ್ಲಿ ಕಾಣುವಂಥ ಭರವಸೆ ಬ್ರಿಟನ್ನಿನ ನೀತಿಯ ಹಿಂದಿದೆ, ಇನ್ನೊಂದು ಅಂಕಿಯಲ್ಲಿ ಕಾಣುವಂಥ ಭಯ ನಮ್ಮ ನಿಷೇಧದ ಹಿಂದಿದೆ. ಬಡಿಗೆಯಂತೆ ಎರಡರಲ್ಲಿ ಒಂದನ್ನೇ ಎತ್ತಿಕೊಂಡು ಬೀಸುವವರ ಬಗ್ಗೆ ನನಗೆ ನಂಬಿಕೆಯಿಲ್ಲ.

ನನಗೆ ಹೆಚ್ಚು ಕಸಿವಿಸಿ ತಂದದ್ದು ಆಮೇಲೆ ಆದದ್ದು. ತೊಳೆಯುವ ಕೆಲಸವೇ ಕಾಣೆಯಾಯಿತು. 2015ರಲ್ಲಿ ಅಮೆರಿಕದಲ್ಲಿ ಬಂದ ಜೂಲ್ ಎಂಬ ಇ-ಸಿಗರೇಟು, ದ್ರವ ತುಂಬಿ ಸೀಲು ಹಾಕಿದ ಪಾಡ್ ಕೊಟ್ಟಿತು. ಕಾಯಿಲ್ ಅದರೊಳಗೇ. ದ್ರವ ಮುಗಿದರೆ ಪಾಡ್ ಎಸೆ, ಹೊಸದು ಸಿಕ್ಕಿಸು. ಅದರ ಬೆನ್ನಿಗೇ ಶೆಂಜೆನ್ ಕಾರ್ಖಾನೆಗಳಿಂದ ಬಂದ ಯೂಸ್ ಆ್ಯಂಡ್ ಥ್ರೋ ಕಡ್ಡಿಗಳಲ್ಲಿ ಬ್ಯಾಟರಿಯನ್ನೂ ಸೇರಿಸಿ ಎಸೆಯುವ ಅನುಕೂಲ. ಗುಲಾಬಿ, ನೀಲಿ ಬಣ್ಣ, ಕಲ್ಲಂಗಡಿ ರುಚಿ, 2 ಮಿಲಿಲೀಟರ್ ದ್ರವ, 600 ದಮ್ಮಿನ ಭರವಸೆ. ಕಾಯಿಲ್ ಕಪ್ಪಾಗುವುದನ್ನು ಅದರ ಬಳಕೆದಾರ ಒಮ್ಮೆಯೂ ನೋಡುವುದಿಲ್ಲ. ಟ್ಯಾಂಕು ಬಿಚ್ಚುವವನಿಗೆ ಸಿಹಿ ಹೆಚ್ಚಾದರೆ ಕರಕಲು ಹೆಚ್ಚು ಎಂಬ ಲೆಕ್ಕ ಕಣ್ಣೆದುರೇ ಸಿಗುತ್ತಿತ್ತು; ಎಷ್ಟೋ ಮಂದಿ ಅದನ್ನು ನೋಡಿಯೇ ಸಿಹಿ ದ್ರವ ಬಿಟ್ಟಿದ್ದರು. ಹದಿನಾರರ ಹುಡುಗನ ಕೈಯ ಬಣ್ಣದ ಕಡ್ಡಿಯಲ್ಲಿ ಆ ಲೆಕ್ಕಕ್ಕೆ ಕಿಟಕಿಯೇ ಇಲ್ಲ.

ಒಳಗೆ ಏನಿದೆ ಎಂದು ನೋಡದೆ ಸೇದುವುದರ ಅತಿರೇಕ 2019ರಲ್ಲಿ ಅಮೆರಿಕದಲ್ಲಿ ಕಂಡಿತು. ಕಾಳಸಂತೆಯ ಗಾಂಜಾ ಸಾರದ ಕಾರ್ಟ್ರಿಡ್ಜುಗಳನ್ನು ದಪ್ಪಗಾಣಿಸಲು ಬೆರೆಸಿದ ವಿಟಮಿನ್ ಇ ಅಸಿಟೇಟ್ ಶ್ವಾಸಕೋಶಕ್ಕೆ ಇಳಿದು, 2020ರ ಫೆಬ್ರುವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ಸತ್ತಿದ್ದರು. ಸತ್ತವರು 68. ಅದು ಕೊಳೆಯ ಸಮಸ್ಯೆಯಾಗಿರಲಿಲ್ಲ, ಎಷ್ಟು ತೊಳೆದರೂ ತಪ್ಪುತ್ತಿರಲಿಲ್ಲ. ಅದನ್ನೇ ತೋರಿಸಿ ನಿಕೋಟಿನ್ ಟ್ಯಾಂಕುಗಳೆಲ್ಲ ಕೊಲ್ಲುತ್ತವೆ ಎಂದವರೂ, ಅದಕ್ಕೂ ನಮಗೂ ಸಂಬಂಧವೇ ಇಲ್ಲ ಎಂದು ಕೈತೊಳೆದುಕೊಂಡ ಉದ್ಯಮದವರೂ ಅರ್ಧ ಸತ್ಯವನ್ನೇ ಹೇಳಿದರು.

ಬ್ರಿಟನ್ನಿನಲ್ಲಿ ಸಮಸ್ಯೆ ಬೀದಿಗೆ ಬಿದ್ದದ್ದು ಕಸದ ರೂಪದಲ್ಲಿ. ಎಲೆಕ್ಟ್ರಾನಿಕ್ ತ್ಯಾಜ್ಯದ ಬಗ್ಗೆ ಕೆಲಸ ಮಾಡುವ ಮೆಟೀರಿಯಲ್ ಫೋಕಸ್ ಸಂಸ್ಥೆ 2022ರಲ್ಲಿ ಅಂದಾಜಿಸಿದ್ದು ವಾರಕ್ಕೆ 13 ಲಕ್ಷ ಕಡ್ಡಿಗಳು ಕಸಕ್ಕೆ ಎಂದು. ಮರುವರ್ಷ ಅದು ವಾರಕ್ಕೆ 50 ಲಕ್ಷದ ಹತ್ತಿರ ಬಂತು. ಪ್ರತಿಯೊಂದರಲ್ಲೂ ಮತ್ತೆ ಚಾರ್ಜು ಮಾಡಬಹುದಾಗಿದ್ದ ಲೀಥಿಯಂ ಬ್ಯಾಟರಿ. ಕಸದ ಲಾರಿಯೊಳಗೆ ಜಜ್ಜಿಹೋಗಿ ಹೊತ್ತಿಕೊಂಡ ಬೆಂಕಿಗಳು ಬೇರೆ. ಕೊನೆಗೆ 2025ರ ಜೂನ್ 1ರಿಂದ ಬ್ರಿಟನ್ನಿನಾದ್ಯಂತ ಒಮ್ಮೆ ಬಳಸಿ ಎಸೆಯುವ ವೇಪುಗಳ (ಇ-ಸಿಗರೇಟಿಗೆ ಅಲ್ಲಿನ ಹೆಸರು) ಮಾರಾಟಕ್ಕೆ ತಡೆ ಬಿತ್ತು. ಆ ನಿಯಮದ ಒಕ್ಕಣೆಯಲ್ಲಿ ಒಂದು ಸ್ವಾರಸ್ಯವಿದೆ. ಚಾರ್ಜು ಮಾಡಲು ಬಂದರೆ ಸಾಲದು, ದ್ರವ ತುಂಬಲು ಬಂದರೂ ಸಾಲದು; ಯಂತ್ರದಲ್ಲಿ ಕಾಯಿಲ್ ಇದ್ದರೆ ಅದನ್ನು ಬಳಕೆದಾರನೇ ಬದಲಿಸುವಂತಿರಬೇಕು, ಬದಲಿ ಕಾಯಿಲ್ ಅಥವಾ ಕಾಯಿಲ್ ಇರುವ ಪಾಡ್ ಬಿಡಿಯಾಗಿ ಮಾರಾಟಕ್ಕೆ ಸಿಗಬೇಕು.

ಕಂಪನಿಗಳು ಅದಕ್ಕೂ ದಾರಿ ಹುಡುಕಿಕೊಂಡವು. ಅದೇ ಬಣ್ಣ, ಅದೇ ಆಕಾರದ ಕಡ್ಡಿಗೆ ಕೆಳಗೊಂದು ಚಾರ್ಜಿಂಗ್ ರಂಧ್ರ, ಮೇಲೊಂದು ಬಿಚ್ಚುವ ಪಾಡ್ ಬಂದವು. ಬೆಲೆ ಹಳೆಯ ಕಡ್ಡಿಗಿಂತ ಹೆಚ್ಚೇನಿರಲಿಲ್ಲ. ಪಾಡ್ ಬದಲಿಸುವ ಬದಲು ಇಡೀ ಯಂತ್ರವನ್ನೇ ಎಸೆದು ಇನ್ನೊಂದು ಕೊಳ್ಳುವ ಗಿರಾಕಿಯನ್ನು ಕಾನೂನು ತಡೆಯಲಾರದು. ಎಸೆಯುವವರಿಗೆ ಅಲ್ಲಿ ಇರುವ ಸೌಕರ್ಯವೊಂದಿದೆ: ವೇಪು ಮಾರುವ ಅಂಗಡಿ ಹಳೆಯದನ್ನು ಮರಳಿ ತೆಗೆದುಕೊಳ್ಳಲೇಬೇಕು. ಬಿಚ್ಚಿ ತೊಳೆಯುವವರಿಗೆ ಇರುವುದು ಹಳೆಯ ಎಚ್ಚರಿಕೆಗಳೇ. ಕಿತ್ತ ಹತ್ತಿಯಲ್ಲಿ ನಿಕೋಟಿನ್ ಇರುತ್ತದೆ, ಚರ್ಮದ ಮೂಲಕವೂ ಮೈ ಸೇರುತ್ತದೆ. ಕೈಗವಸು ಹಾಕಿ, ಕಾಗದದಲ್ಲಿ ಸುತ್ತಿ, ಮಕ್ಕಳಿಗೂ ನಾಯಿಬೆಕ್ಕಿಗೂ ಎಟುಕದ ಕಡೆ ಹಾಕಬೇಕು. ಇನ್ನು ರಜೆಗೆ ಊರಿಗೆ ಹೊರಟವರು ಆ ತೊಳೆದ ಟ್ಯಾಂಕನ್ನು ಅಲ್ಲಿಯೇ ಬಿಟ್ಟು ಬರುವುದು ಒಳ್ಳೆಯದು. ಬೆಂಗಳೂರಿನ ವಿಮಾನನಿಲ್ದಾಣದ ಕಸ್ಟಮ್ಸ್‌ನವರು ಅದು ಎಷ್ಟು ಶುಭ್ರವಾಗಿದೆ ಎಂದು ಕೇಳುವುದಿಲ್ಲ.